ಬಾವಿಗಿಳಿದವರು ಕೂಗುವುದಿಲ್ಲ ಯಾಕೆ? ಉಸಿರಾಟದ ಒಳಗಿನ ಲೆಕ್ಕಾಚಾರ

ಬೇಸಿಗೆ ಬಂತೆಂದರೆ ತಾಲೂಕಿನಲ್ಲಿ ಎರಡು ಕೆಲಸ ಜೋರಾಗುತ್ತವೆ. ತಳ ಕಂಡ ಬಾವಿಯ ಹೂಳೆತ್ತುವುದು ಒಂದು, ಮಳೆಗಾಲಕ್ಕೆ ಮುಂಚೆ ಶೌಚಗುಂಡಿ ಖಾಲಿ ಮಾಡಿಸುವುದು ಇನ್ನೊಂದು. ಇದರ ಬೆನ್ನಿಗೇ ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಒಂದೇ ಥರದ ಸುದ್ದಿಯೂ ಬರುತ್ತದೆ. ಒಬ್ಬ ಇಳಿದ, ಸದ್ದಿಲ್ಲ. ಏನಾಯ್ತು ಅಂತ ನೋಡಲು ಇನ್ನೊಬ್ಬ ಇಳಿದ, ಅವನೂ ಮೇಲೆ ಬರಲಿಲ್ಲ. ಆಮೇಲೆ ಊರಿನವರು ಕೇಳುವ ಪ್ರಶ್ನೆಯೂ ಒಂದೇ: ‘ಉಸಿರು ಕಟ್ಟಿದಾಗ ಒಂದು ಕೂಗು ಹಾಕಬಹುದಿತ್ತಲ್ವಾ? ಹಗ್ಗ ಜಗ್ಗಬಹುದಿತ್ತಲ್ವಾ?’

ಕೂಗಲು ಮೊದಲು ಅಪಾಯ ಗೊತ್ತಾಗಬೇಕು. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ದೇಹ ತಾನಾಗಿಯೇ ಒದ್ದಾಡಿ ಎಚ್ಚರಿಸುತ್ತದೆ ಎಂದು ಹೆಚ್ಚಿನವರು ನಂಬಿದ್ದಾರೆ. ಅದು ತಪ್ಪು. ದೇಹದ ಎಚ್ಚರಿಕೆ ಗಂಟೆಯನ್ನು ಮುಖ್ಯವಾಗಿ ಬಾರಿಸುವುದು ಆಮ್ಲಜನಕ ಅಲ್ಲ, ಇಂಗಾಲದ ಡೈಆಕ್ಸೈಡ್. ಈ ಒಂದು ವಿಷಯ ಅರ್ಥವಾದರೆ ಬಾವಿ, ಗುಂಡಿ, ಹಗೇವು, ಶಟರ್ ಎಳೆದ ಅಂಗಡಿಯೊಳಗಿನ ಜನರೇಟರ್, ಬಚ್ಚಲುಮನೆಯ ಗ್ಯಾಸ್ ಗೀಸರ್, ಈ ಎಲ್ಲದರ ಅಪಾಯ ಒಂದೇ ಸಾಲಿಗೆ ಬರುತ್ತದೆ.

ಒಂದು ಉಸಿರು ಎಂದರೆ ಎಷ್ಟು?

ಶ್ವಾಸಕೋಶಕ್ಕೆ ತನ್ನಷ್ಟಕ್ಕೆ ಹಿಗ್ಗುವ ಶಕ್ತಿ ಇಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಸ್ನಾಯುವಿನ ಹಾಳೆ ಇದೆ. ಅದು ಕೆಳಕ್ಕೆ ಜಗ್ಗಿದಾಗ, ಪಕ್ಕೆಲುಬುಗಳು ಮೇಲೆದ್ದಾಗ ಎದೆಗೂಡು ಅಗಲವಾಗಿ ಗಾಳಿ ಒಳಗೆ ಬರುತ್ತದೆ. ವಪೆ ಸಡಿಲವಾದಾಗ ಗಾಳಿ ಹೊರಗೆ ಹೋಗುತ್ತದೆ. ಸುಮ್ಮನೆ ಕುಳಿತ ದೊಡ್ಡವರು ಒಂದು ಸಲಕ್ಕೆ ಎಳೆದುಕೊಳ್ಳುವುದು ಸುಮಾರು ಅರ್ಧ ಲೀಟರ್, ಅಂದರೆ ಹಾಲಿನ ಅರ್ಧ ಲೀಟರ್ ಪ್ಯಾಕೆಟ್‌ನಷ್ಟು ಗಾಳಿ. ಅದರಲ್ಲಿ 150 ಮಿಲಿಲೀಟರಿನಷ್ಟು ಗಂಟಲು, ಶ್ವಾಸನಾಳದಲ್ಲೇ ಉಳಿದು ಹಾಗೇ ವಾಪಸ್ ಹೋಗುತ್ತದೆ. ಉಪಯೋಗಕ್ಕೆ ಬರುವುದು ಉಳಿದ 350. ನಿಮಿಷಕ್ಕೆ 14 ಸಲ ಎಂದು ಹಿಡಿದರೂ ದಿನಕ್ಕೆ 20 ಸಾವಿರ ಉಸಿರು.

ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಶೇ. 21, ಇಂಗಾಲದ ಡೈಆಕ್ಸೈಡ್ ಶೇ. 0.04. ಹೊರಗೆ ಬರುವಾಗ ಆಮ್ಲಜನಕ ಸುಮಾರು ಶೇ. 16, ಇಂಗಾಲದ ಡೈಆಕ್ಸೈಡ್ ಶೇ. 4. ಉಳಿದದ್ದು ಬಹುಪಾಲು ಸಾರಜನಕ, ಅದು ಬಂದ ಹಾಗೇ ಹೋಗುತ್ತದೆ. ಬಂದ ಆಮ್ಲಜನಕದಲ್ಲಿ ಕಾಲು ಭಾಗವನ್ನಷ್ಟೇ ದೇಹ ಬಳಸಿಕೊಳ್ಳುತ್ತದೆ. ಪ್ರಜ್ಞೆ ತಪ್ಪಿದವರಿಗೆ ಬಾಯಿಯಿಂದ ಬಾಯಿಗೆ ಉಸಿರು ಕೊಟ್ಟು ಬದುಕಿಸಲು ಆಗುವುದು ಇದರಿಂದಲೇ. ನಾವು ಬಿಟ್ಟ ಉಸಿರಿನಲ್ಲೂ ಇನ್ನೊಬ್ಬರಿಗೆ ಸಾಕಾಗುವಷ್ಟು ಬಾಕಿ ಇರುತ್ತದೆ.

20×30 ಸೈಟಿಗಿಂತ ದೊಡ್ಡ ಜಾಗ

ಶ್ವಾಸನಾಳ ಮರದ ಕೊಂಬೆಯ ಹಾಗೆ ಕವಲೊಡೆಯುತ್ತಾ ಹೋಗಿ ಕೊನೆಗೆ ಸಣ್ಣ ಸಣ್ಣ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಎರಡೂ ಶ್ವಾಸಕೋಶ ಸೇರಿ ಇಂಥ ಗೂಡುಗಳು ಮೂವತ್ತರಿಂದ ಐವತ್ತು ಕೋಟಿ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ 750 ಚದರ ಅಡಿ. 20×30 ಸೈಟು 600 ಚದರ ಅಡಿ, ಅದಕ್ಕಿಂತ ಜಾಸ್ತಿ. ಇಷ್ಟೂ ಜಾಗಕ್ಕೆ ಒಂದು ಬದಿ ಗಾಳಿ, ಇನ್ನೊಂದು ಬದಿ ರಕ್ತ. ಮಧ್ಯದ ಗೋಡೆ ಹೆಚ್ಚಿನ ಕಡೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು.

ಈ ಗೋಡೆ ದಾಟಿ ಆಮ್ಲಜನಕ ರಕ್ತಕ್ಕೆ ಹೋಗುವುದು ಹೇಗೆ ಎಂಬ ಬಗ್ಗೆ ನೂರು ವರ್ಷದ ಹಿಂದೆ ದೊಡ್ಡ ಜಗಳವೇ ನಡೆದಿತ್ತು. ಶ್ವಾಸಕೋಶವೇ ಆಮ್ಲಜನಕವನ್ನು ರಕ್ತದೊಳಕ್ಕೆ ತಳ್ಳುತ್ತದೆ ಎಂದು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ ವಾದಿಸಿದ್ದರು. ಅವರದೇ ಶಿಷ್ಯ ಆಗಸ್ಟ್ ಕ್ರೋಗ್, ಪತ್ನಿ ಮೇರಿ ಕ್ರೋಗ್ ಜೊತೆ ಸೇರಿ, ಅಲ್ಲಿ ತಳ್ಳುವ ಯಂತ್ರ ಯಾವುದೂ ಇಲ್ಲ ಎಂದು 1910ರಲ್ಲಿ ತೋರಿಸಿಕೊಟ್ಟರು. ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಅನಿಲ ತಾನಾಗಿ ಹರಿಯುತ್ತದೆ, ಇಳಿಜಾರಿಗೆ ನೀರು ಹರಿದ ಹಾಗೆ. ಗಾಳಿಗೂಡಿನಲ್ಲಿ ಆಮ್ಲಜನಕದ ಒತ್ತಡ ಪಾದರಸದ 100 ಮಿಲಿಮೀಟರ್, ಮೈಯೆಲ್ಲ ಸುತ್ತಿ ಬಂದ ರಕ್ತದಲ್ಲಿ 40. ಆದ್ದರಿಂದ ಆಮ್ಲಜನಕ ಒಳಗೆ. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ 46, ಗೂಡಿನಲ್ಲಿ 40. ಆದ್ದರಿಂದ ಅದು ಹೊರಗೆ. ಒಂದು ರಕ್ತಕಣ ಗಾಳಿಗೂಡಿನ ಪಕ್ಕ ಹಾದುಹೋಗಲು ಮುಕ್ಕಾಲು ಸೆಕೆಂಡು ಬೇಕು, ಆಮ್ಲಜನಕ ತುಂಬಿಕೊಳ್ಳಲು ಕಾಲು ಸೆಕೆಂಡು ಸಾಕು.

‘ತಾನಾಗಿ ಹರಿಯುತ್ತದೆ’ ಎಂಬ ಮಾತಿಗೆ ಇನ್ನೊಂದು ಮಗ್ಗುಲಿದೆ. ಇಳಿಜಾರು ತಿರುಗಿದರೆ ಹರಿವೂ ತಿರುಗುತ್ತದೆ. ಬಾವಿಯ ವಿಷಯಕ್ಕೆ ಬಂದಾಗ ಇದೇ ಜೀವ ತೆಗೆಯುವುದು.

ಹೊರುವ ಲಾರಿ, ವಾಪಸ್ ಬರುವ ಸರಕು

ರಕ್ತದ ನೀರಿನಲ್ಲಿ ಆಮ್ಲಜನಕ ಅಷ್ಟಾಗಿ ಕರಗುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ ಬರೀ ಕರಗಿ ಇರುವುದು 0.3 ಮಿಲಿಲೀಟರ್. ಆದರೆ ಅಷ್ಟೇ ರಕ್ತ ನಿಜವಾಗಿ ಹೊತ್ತು ತರುವುದು ಸುಮಾರು 20 ಮಿಲಿಲೀಟರ್. ವ್ಯತ್ಯಾಸಕ್ಕೆ ಕಾರಣ ಕೆಂಪು ರಕ್ತಕಣದ ಹಿಮೋಗ್ಲೋಬಿನ್. ಒಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು, ಒಂದೊಂದು ಅಣುವಿಗೆ ನಾಲ್ಕು ಸೀಟು. ದುಡಿಯುವ ಸ್ನಾಯುವಿನ ಹತ್ತಿರ ಬಿಸಿ ಜಾಸ್ತಿ, ಇಂಗಾಲದ ಡೈಆಕ್ಸೈಡ್ ಜಾಸ್ತಿ, ಹುಳಿ ಅಂಶ ಜಾಸ್ತಿ. ಅಂಥ ಕಡೆ ಹಿಮೋಗ್ಲೋಬಿನ್ ಹಿಡಿತ ಸಡಿಲಿಸಿ ಆಮ್ಲಜನಕ ಇಳಿಸುತ್ತದೆ. ಇದನ್ನು 1904ರಲ್ಲಿ ಗುರುತಿಸಿದವರಲ್ಲಿ ಮೇಲಿನ ಜಗಳದ ಅದೇ ಬೋರ್ ಒಬ್ಬರು. ಒಂದರಲ್ಲಿ ತಪ್ಪಿದರೂ ಇನ್ನೊಂದರಲ್ಲಿ ಅವರ ಹೆಸರು ಉಳಿಯಿತು.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಅಳೆಯುವುದು ಇಷ್ಟನ್ನೇ: ಇರುವ ಸೀಟುಗಳಲ್ಲಿ ಶೇಕಡಾ ಎಷ್ಟು ತುಂಬಿವೆ ಎಂದು. ಒಟ್ಟು ಲಾರಿ ಎಷ್ಟಿವೆ ಎಂದು ಅದು ಹೇಳುವುದಿಲ್ಲ. ಹಿಮೋಗ್ಲೋಬಿನ್ 14 ಇರಬೇಕಾದಲ್ಲಿ 7 ಇರುವ ಹೆಣ್ಣುಮಗಳ ಬೆರಳಿಗೆ ಹಾಕಿದರೂ 98 ಎಂದೇ ತೋರಿಸಬಹುದು. ಅವರು ಮಾತ್ರ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ. ಅಂಥವರಿಗೆ ‘ಆಕ್ಸಿಜನ್ ನಾರ್ಮಲ್ ಇದೆ, ಏನೂ ಆಗಿಲ್ಲ’ ಎನ್ನುವುದು ಸರಿಯಲ್ಲ, ರಕ್ತ ಪರೀಕ್ಷೆ ಮಾಡಿಸಬೇಕು.

ವಾಪಸ್ ಬರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ. 70ರಷ್ಟು ಬೈಕಾರ್ಬನೇಟ್ ಆಗಿ ಬರುತ್ತದೆ. ಅಡುಗೆ ಸೋಡಾದಲ್ಲಿರುವುದೂ ಇದೇ ಬೈಕಾರ್ಬನೇಟ್. ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿದರೆ ಸೌಮ್ಯವಾದ ಆಮ್ಲವಾಗುತ್ತದೆ. ಗೋಲಿ ಸೋಡಾ ಕುಡಿದಾಗ ನಾಲಿಗೆಗೆ ಚುರುಕ್ ಎನ್ನುವುದು ಅದೇ. ಈ ಹುಳಿಯನ್ನೇ ಮೆದುಳು ಕಾದು ಕೂತು ನೋಡುತ್ತಿರುತ್ತದೆ.

ಗಂಟೆ ಬಾರಿಸುವವರು ಯಾರು?

ಉಸಿರಾಟದ ತಾಳ ಹಾಕುವುದು ಮೆದುಳಿನ ಬುಡದ ಮೆಡುಲ್ಲಾ ಎಂಬ ಭಾಗ. ನಿದ್ದೆಯಲ್ಲೂ ಕೆಲಸ ನಿಲ್ಲುವುದಿಲ್ಲ. ಅದಕ್ಕೆ ಮುಖ್ಯ ಸುಳಿವು ಕೊಡುವುದು ಮೆದುಳಿನ ಸುತ್ತಲ ದ್ರವದ ಹುಳಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಚೂರು ಏರಿದರೂ ಆ ದ್ರವ ಹುಳಿಯಾಗುತ್ತದೆ, ಮೆಡುಲ್ಲಾ ಉಸಿರಿನ ವೇಗ ಹೆಚ್ಚಿಸುತ್ತದೆ. ಎಷ್ಟು ಸೂಕ್ಷ್ಮ ಎಂದರೆ, ಗಾಳಿಗೂಡಿನಲ್ಲಿ ಇಂಗಾಲದ ಡೈಆಕ್ಸೈಡ್ ಬರೀ ಶೇ. 0.2ರಿಂದ 0.3 ಏರಿದರೆ ಗೂಡುಗಳಿಗೆ ಗಾಳಿಯ ಓಡಾಟ ಎರಡು ಪಟ್ಟಾಗುತ್ತದೆ ಎಂದು ಜೆ.ಎಸ್. ಹಾಲ್ಡೇನ್ ಮತ್ತು ಜೆ.ಜಿ. ಪ್ರೀಸ್ಟ್ಲಿ 1905ರಲ್ಲೇ ಬರೆದರು.

ಆಮ್ಲಜನಕ ನೋಡಿಕೊಳ್ಳಲು ಯಾರೂ ಇಲ್ಲವೇ? ಇದ್ದಾರೆ. ಕುತ್ತಿಗೆಯ ದೊಡ್ಡ ರಕ್ತನಾಳ ಕವಲಾಗುವ ಕಡೆ ಅಕ್ಕಿಕಾಳಿನಷ್ಟು ಪುಟ್ಟ ಗಂಟು ಇದೆ, ಎರಡೂ ಬದಿಗೆ ಒಂದೊಂದು. ಕುತ್ತಿಗೆಯ ಈ ಕಾವಲನ್ನು ಪತ್ತೆ ಮಾಡಿದ್ದಕ್ಕೆ ಬೆಲ್ಜಿಯಂನ ಕಾರ್ನೆಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಬಂತು. ಆದರೆ ಈ ಕಾವಲುಗಾರ ಸ್ವಲ್ಪ ಸೋಮಾರಿ. ರಕ್ತದ ಆಮ್ಲಜನಕ ಒತ್ತಡ 100ರಿಂದ 60ಕ್ಕೆ ಇಳಿಯುವವರೆಗೂ ಜೋರಾಗಿ ಏಳುವುದಿಲ್ಲ. 60 ಎಂದರೆ ಆಕ್ಸಿಮೀಟರಿನಲ್ಲಿ ಸುಮಾರು 90. ಎದ್ದು ಉಸಿರು ಹೆಚ್ಚಿಸಿದರೂ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಕಡಿಮೆಯಾಗುತ್ತದೆ, ಆಗ ಮೆದುಳಿನ ದೊಡ್ಡ ಗಂಟೆ ಇನ್ನೂ ತಣ್ಣಗಾಗುತ್ತದೆ.

2020-21ರಲ್ಲಿ ಇದನ್ನು ಎಲ್ಲರೂ ಕಣ್ಣಾರೆ ಕಂಡರು. ಆಕ್ಸಿಮೀಟರ್ 80 ತೋರಿಸುತ್ತಿದ್ದರೂ ಮೊಬೈಲಿನಲ್ಲಿ ಮಾತಾಡುತ್ತಾ ಕೂತಿದ್ದ ಸೋಂಕಿತರು ಇದ್ದರು. ಇಂಗಾಲದ ಡೈಆಕ್ಸೈಡ್ ಆ ತೆಳು ಗೋಡೆಯನ್ನು ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸಲೀಸಾಗಿ ದಾಟುತ್ತದೆ. ಹಾಗಾಗಿ ಶ್ವಾಸಕೋಶ ಹಾಳಾದರೂ ಅದು ಹೊರಗೆ ಹೋಗುತ್ತಲೇ ಇತ್ತು, ಆಮ್ಲಜನಕ ಮಾತ್ರ ಒಳಗೆ ಬರುತ್ತಿರಲಿಲ್ಲ. ಗಂಟೆ ಬಾರಿಸಲಿಲ್ಲ.

ಉಲ್ಟಾ ಪರಿಸ್ಥಿತಿಯೂ ಉಂಟು. ವರ್ಷಗಟ್ಟಲೆ ಬೀಡಿ ಸೇದಿದವರು, ಸೌದೆ ಒಲೆಯ ಹೊಗೆ ಕುಡಿದವರಿಗೆ ಬರುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲಿ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸದಾ ಹೆಚ್ಚಿರುತ್ತದೆ. ಅಂಥವರಿಗೆ ಆಮ್ಲಜನಕ ಕೊಡುವಾಗ ವೈದ್ಯರು ಸಾಮಾನ್ಯವಾಗಿ 88ರಿಂದ 92ರಲ್ಲೇ ನಿಲ್ಲಿಸುತ್ತಾರೆ, ಹೆಚ್ಚಾದರೆ ಅಪಾಯ. ಕೋವಿಡ್ ಸಮಯದಲ್ಲಿ ಕೊಂಡ ಆಕ್ಸಿಜನ್ ಮಷಿನ್ ಮನೆಯಲ್ಲಿದೆ ಅಂತ ಅಜ್ಜನಿಗೆ ಯಾರನ್ನೂ ಕೇಳದೆ ಫುಲ್ ಇಡುವುದು ಬೇಡ.

ಬಾವಿ, ಗುಂಡಿ, ಹಗೇವು

ಈಗ ಬಾವಿಗೆ ಬರೋಣ. ಹಾಳು ಬಿದ್ದ ಬಾವಿಯಲ್ಲಿ ಎಲೆ, ಕಸ, ಕೆಸರು ಕೊಳೆಯುತ್ತಾ ಆಮ್ಲಜನಕವನ್ನು ತಿಂದುಹಾಕುತ್ತವೆ. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಉತ್ತರ ಕರ್ನಾಟಕದ ಹಗೇವಿನ ಕಥೆಯೂ ಇದೇ. ನೆಲದೊಳಗೆ ತುಂಬಿಟ್ಟ ಜೋಳ ಸತ್ತ ವಸ್ತುವಲ್ಲ, ಕಾಳೂ ಉಸಿರಾಡುತ್ತದೆ, ಅದರೊಳಗಿನ ಹುಳವೂ ಉಸಿರಾಡುತ್ತದೆ. ಬಾಯಿ ಮುಚ್ಚಿದ ಹಗೇವಿನೊಳಗೆ ತಿಂಗಳುಗಳ ಮೇಲೆ ಉಳಿಯುವುದು ಮನುಷ್ಯನಿಗೆ ಆಗದ ಗಾಳಿ. ಬಾಯಿ ತೆಗೆದು ಗಾಳಿಯಾಡಲು ಬಿಡದೆ ಇಳಿಯಬಾರದು ಎಂದು ಹಿರಿಯರು ಹೇಳುತ್ತಿದ್ದದ್ದು ಇದಕ್ಕೇ.

ಈಜು ಬಲ್ಲ ಯುವಕ ಒಂದು ನಿಮಿಷ ಉಸಿರು ಬಿಗಿ ಹಿಡಿಯಬಲ್ಲ. ಅದೇ ಯುವಕ ಆಮ್ಲಜನಕ ಇಲ್ಲದ ಗಾಳಿಯನ್ನು ಎರಡು-ಮೂರು ಸಲ ಎಳೆದುಕೊಂಡರೆ ಕೆಲವೇ ಸೆಕೆಂಡಿನಲ್ಲಿ ಬೀಳುತ್ತಾನೆ. ಉಸಿರು ಹಿಡಿದಾಗ ಶ್ವಾಸಕೋಶದಲ್ಲಿ ಹಳೇ ದಾಸ್ತಾನು ಇರುತ್ತದೆ. ಆಮ್ಲಜನಕ ಇಲ್ಲದ ಗಾಳಿ ಒಳಗೆ ಬಂದಾಗ ಇಳಿಜಾರು ತಿರುಗುತ್ತದೆ: ರಕ್ತದಲ್ಲಿದ್ದ ಆಮ್ಲಜನಕವೇ ಗಾಳಿಗೂಡಿಗೆ ಬಂದು, ಮುಂದಿನ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಆ ಖಾಲಿ ರಕ್ತ ಮೆದುಳು ಮುಟ್ಟಿದ ಕೂಡಲೇ ಪ್ರಜ್ಞೆ ಹೋಗುತ್ತದೆ. ಕೂಗಲು ಸಮಯ ಎಲ್ಲಿ? ‘ಒಂದು ನಿಮಿಷದಲ್ಲಿ ಇಳಿದು ಎತ್ತಿಕೊಂಡು ಬಂದುಬಿಡ್ತೀನಿ’ ಎನ್ನುವವರ ಲೆಕ್ಕ ತಪ್ಪುವುದೂ ಇಲ್ಲೇ. ಇಂಗಾಲದ ಡೈಆಕ್ಸೈಡ್ ತುಂಬಿದ ಕಡೆ ಏದುಸಿರು ಬರುವುದು ನಿಜ. ಆದರೆ ಅದು ಶೇ. 10 ದಾಟಿದ್ದರೆ ಏದುಸಿರು ಬಂದು ಏಣಿಗೆ ಕೈ ಹಾಕುವಷ್ಟರಲ್ಲಿ ಕೈಕಾಲು ಸೋತಿರುತ್ತದೆ.

ಶೌಚಗುಂಡಿ, ಮ್ಯಾನ್‌ಹೋಲ್‌ಗಳಲ್ಲಿ ಇನ್ನೊಬ್ಬ ಶತ್ರು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಇದರದೇ. ಪ್ರಮಾಣ ಹೆಚ್ಚಾದಾಗ ಇದು ಮೂಗಿನ ಗ್ರಹಿಕೆಯನ್ನೇ ಕೊಲ್ಲುತ್ತದೆ. ‘ಈಗ ವಾಸನೆ ಹೋಯ್ತು, ಇಳಿಯಬಹುದು’ ಎಂದು ಅನ್ನಿಸುವ ಹೊತ್ತೇ ಅತಿ ಅಪಾಯದ ಹೊತ್ತು ಇರಬಹುದು. ಇನ್ನೂ ಹೆಚ್ಚಾದರೆ ಒಂದೆರಡು ಉಸಿರಿಗೇ ಮೆಡುಲ್ಲಾದ ತಾಳ ನಿಂತುಬಿಡುತ್ತದೆ. ಮೂಗಿಗೆ ಟವೆಲ್ ಸುತ್ತಿಕೊಂಡರೆ, ಕೋವಿಡ್ ಮಾಸ್ಕ್ ಹಾಕಿಕೊಂಡರೆ ಏನೂ ಪ್ರಯೋಜನವಿಲ್ಲ. ಬಟ್ಟೆ ಧೂಳು ತಡೆಯುತ್ತದೆ, ಅನಿಲ ತಡೆಯುವುದಿಲ್ಲ, ಇಲ್ಲದ ಆಮ್ಲಜನಕವನ್ನಂತೂ ತಂದುಕೊಡುವುದಿಲ್ಲ.

ದೀಪ ಇಳಿಸಿ ನೋಡುವ ಹಳೇ ಪದ್ಧತಿ? ಆಮ್ಲಜನಕ ಶೇ. 16ರ ಆಸುಪಾಸಿಗೆ ಬಂದರೆ ಮೇಣದ ಬತ್ತಿ ಆರುತ್ತದೆ. ಆರಿದರೆ ಇಳಿಯಬೇಡಿ ಎಂದು ಖಚಿತ. ಆರದಿದ್ದರೆ ಇಳಿಯಬಹುದು ಎಂದೇನೂ ಅಲ್ಲ, ವಿಷಾನಿಲಕ್ಕೆ ದೀಪ ಆರುವುದಿಲ್ಲ. ಶೌಚಗುಂಡಿಗೆ ದೀಪ, ಬೆಂಕಿಕಡ್ಡಿ ಒಯ್ಯಲೇಬಾರದು, ಮೀಥೇನ್ ಇದ್ದರೆ ಸ್ಫೋಟವಾಗುತ್ತದೆ. ಬಾವಿಯೊಳಗೆ ಡೀಸೆಲ್, ಪೆಟ್ರೋಲ್ ಪಂಪ್‌ಸೆಟ್ ಇಳಿಸಿ ನೀರೆತ್ತುವುದೂ ಅಷ್ಟೇ ಕೆಟ್ಟದ್ದು.

ಶಟರ್ ಹಿಂದಿನ ಜನರೇಟರ್

ಅಂಗಡಿಯವರು ಗಮನಿಸಬೇಕಾದ ಅನಿಲ ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಪೆಟ್ರೋಲ್, ಡೀಸೆಲ್, ಇದ್ದಿಲು, ಗ್ಯಾಸ್ ಯಾವುದೇ ಸರಿಯಾಗಿ ಉರಿಯದಿದ್ದರೆ ಇದು ಹುಟ್ಟುತ್ತದೆ. ಕರೆಂಟ್ ಹೋದಾಗ ಮಳೆಗೆ ನೆನೆಯುತ್ತದೆ ಎಂದೋ, ಕಳ್ಳರ ಭಯಕ್ಕೋ ಜನರೇಟರನ್ನು ಒಳಗಿಟ್ಟು ಶಟರ್ ಅರ್ಧ ಎಳೆಯುವುದು, ಚಳಿಗೆ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗುವುದು, ಕಿಟಕಿ ಇಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚುವುದು, ಮೂರೂ ಒಂದೇ. ಅರ್ಧ ತೆರೆದ ಶಟರ್ ಸಾಲದು, ಜನರೇಟರ್ ಪೂರ್ತಿ ಹೊರಗೇ ಇರಬೇಕು, ಅದರ ಹೊಗೆ ಪಕ್ಕದ ಮನೆಯ ಕಿಟಕಿಗೂ ಹೋಗಬಾರದು.

ಹಿಮೋಗ್ಲೋಬಿನ್ನಿನ ಆ ನಾಲ್ಕು ಸೀಟುಗಳಿಗೆ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕೂತರೆ ಏಳುವುದಿಲ್ಲ. ದೇಹಕ್ಕೆ ಇದರ ಸುಳಿವೇ ಸಿಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಎಂದಿನಂತೆ ಹೊರಹೋಗುತ್ತಿರುತ್ತದೆ, ಮೆಡುಲ್ಲಾ ಸುಮ್ಮನಿರುತ್ತದೆ. ಕುತ್ತಿಗೆಯ ಕಾವಲುಗಾರ ನೋಡುವುದು ರಕ್ತದಲ್ಲಿ ಕರಗಿದ ಆ 0.3 ಮಿಲಿಲೀಟರನ್ನು, ಅದು ಸರಿಯಾಗಿಯೇ ಇರುತ್ತದೆ, ಅವನೂ ಸುಮ್ಮನಿರುತ್ತಾನೆ. ತಲೆನೋವು, ವಾಂತಿ ಬಂದ ಹಾಗೆ, ತಲೆ ಸುತ್ತು, ತೂಕಡಿಕೆ ಅಷ್ಟೇ. ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ ನುಂಗಿ ಅಲ್ಲೇ ಮಲಗುವವರು ಏಳುವುದಿಲ್ಲ. ಒಂದೇ ಕೋಣೆಯಲ್ಲಿರುವ ಇಬ್ಬರು-ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಬಂದ ಮೇಲೆ ಕಡಿಮೆಯಾದರೆ, ಇದನ್ನೇ ಅನುಮಾನಿಸಬೇಕು. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಹಾಲ್ಡೇನ್ ಸಲಹೆಯಂತೆ ಕ್ಯಾನರಿ ಹಕ್ಕಿ ಒಯ್ಯುತ್ತಿದ್ದರು. ಮನುಷ್ಯನಿಗಿಂತ ಮೊದಲು ಬೀಳುತ್ತಿದ್ದದ್ದು ಹಕ್ಕಿ. ಅದರ ಜಾಗಕ್ಕೆ ಯಂತ್ರ ಬಂದದ್ದು 1986ರಲ್ಲಿ.

ಈಜುವ ಹುಡುಗರಿಗೂ ಒಂದು ಮಾತು

ಬೇಸಿಗೆ ರಜೆಯಲ್ಲಿ ಬಾವಿ, ಕೆರೆಗಳಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂಬ ಪಂದ್ಯ ನಡೆಯುತ್ತದೆ. ಮುಳುಗುವ ಮೊದಲು ಜೋರು ಜೋರಾಗಿ ಹತ್ತಾರು ಸಲ ಉಸಿರಾಡಿದರೆ ಹೆಚ್ಚು ಹೊತ್ತು ಇರಬಹುದು ಎಂದು ಹುಡುಗರು ಕಂಡುಕೊಂಡಿದ್ದಾರೆ. ಅದು ನಿಜ, ಆದರೆ ಕಾರಣ ಬೇರೆ. ರಕ್ತದ ಆಮ್ಲಜನಕ ಮೊದಲೇ ಹೆಚ್ಚುಕಡಿಮೆ ತುಂಬಿರುತ್ತದೆ, ಜಾಸ್ತಿ ಸೇರುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಹೊರಗೆ ಹೋಗಿ ಗಂಟೆ ತಡವಾಗುತ್ತದೆ. ಮೇಲೆ ಬರಬೇಕು ಅನ್ನಿಸುವ ಮೊದಲೇ ನೀರೊಳಗೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬರುವ ಹುಡುಗರೇ ಇದಕ್ಕೆ ಬಲಿಯಾಗುವುದು.

ಒಬ್ಬ ಬಿದ್ದಾಗ

ಒಳಗೆ ಬಿದ್ದವರನ್ನು ನೋಡಿ ಸುಮ್ಮನೆ ನಿಲ್ಲುವುದು ಯಾರಿಂದಲೂ ಸುಲಭವಲ್ಲ, ಬಿದ್ದಿರುವುದು ಅಣ್ಣನೋ ಮಗನೋ ಆಗಿರುತ್ತಾನೆ. ಆದರೂ ಇಳಿಯಬಾರದು. 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳ ಬೇಕು ಎಂದು ಹೇಳಬೇಕು, 108 ಕರೆಸಬೇಕು. ಅವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತಾರೆ. ಅಷ್ಟರೊಳಗೆ ಬ್ಲೋವರ್ ಸಿಕ್ಕರೆ ಹೊರಗಿನಿಂದ ಶುದ್ಧ ಗಾಳಿ ಊದಬಹುದು. ಇಳಿಯುವ ಮೊದಲೇ ಸೊಂಟ-ಎದೆಗೆ ಬೆಲ್ಟ್ ಹಾಕಿ ಹಗ್ಗ ಕಟ್ಟಿದ್ದರೆ ಮೇಲಿದ್ದವರೇ ಎಳೆದುಕೊಳ್ಳಬಹುದು. ನಿಜವಾಗಿ ಜೀವ ಉಳಿಸುವ ಹಗ್ಗ ಅದೊಂದೇ, ಬಿದ್ದ ಮೇಲೆ ಎಸೆದ ಹಗ್ಗವನ್ನು ಹಿಡಿಯುವವರು ಇರುವುದಿಲ್ಲ. ಆಮ್ಲಜನಕ ಸಿಗದೆ ನಾಲ್ಕೈದು ನಿಮಿಷವಾದರೆ ಮೆದುಳಿಗೆ ಹಾನಿ ಶುರು.

ಶೌಚಗುಂಡಿ ವಿಷಯದಲ್ಲಿ ಕಾನೂನೂ ಇದೆ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಾಧನ ಇಲ್ಲದೆ ಯಾರನ್ನೂ ಗುಂಡಿಗೆ, ಒಳಚರಂಡಿಗೆ ಇಳಿಸುವಂತಿಲ್ಲ. ಪುರಸಭೆ, ಗುತ್ತಿಗೆದಾರರಿಗೆ ಮಾತ್ರವಲ್ಲ, ಮನೆ, ಹೋಟೆಲ್, ಅಂಗಡಿ ಮಾಲೀಕರಿಗೂ ಇದು ಅನ್ವಯ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳಚರಂಡಿ ಸ್ವಚ್ಛತೆಯಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ‘ಅವನೇ ಒಪ್ಪಿಕೊಂಡು ಇಳಿದ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಸಕ್ಕಿಂಗ್ ಗಾಡಿ ಕರೆಸುವುದೇ ದಾರಿ.

ಜನರೇಟರ್, ಇದ್ದಿಲು, ಗೀಸರ್ ಹೊಗೆ ಕುಡಿದವರನ್ನು ಆಸ್ಪತ್ರೆಗೆ ಒಯ್ದಾಗ, ಎಲ್ಲಿ ಮಲಗಿದ್ದರು, ಏನು ಉರಿಯುತ್ತಿತ್ತು ಎಂಬುದನ್ನು ಜೊತೆಗೆ ಹೋದವರೇ ಮೊದಲು ಹೇಳಬೇಕು. ಕಾರ್ಬನ್ ಮೊನಾಕ್ಸೈಡ್ ಕೂತ ಸೀಟನ್ನೂ ಆಕ್ಸಿಮೀಟರ್ ತುಂಬಿದ ಸೀಟು ಎಂದೇ ಎಣಿಸುತ್ತದೆ, ಪರದೆ ಮೇಲೆ 98 ಇರುತ್ತದೆ. ಹೊರಗಿನ ಸಾಮಾನ್ಯ ಗಾಳಿಯಲ್ಲಿ ರಕ್ತದಿಂದ ಅರ್ಧದಷ್ಟು ವಿಷ ಬಿಡಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು.